ಇನ್ನೂರ ಹನ್ನೆರಡನೆಯ ಸಾಲು

ಕತ್ತೆ ಎಡಕ್ಕೆ ತಿರುಗಿತು!

ಅಷ್ಟೇ... ಅವಳ ಎದೆ ಧಸಕ್ಕೆಂದಿತು.

ಕತ್ತೆಯೆಂದರೆ ಪರದೆಯ ಮೇಲಿನ ಕತ್ತೆ. ಬೆನ್ನ ಮೇಲೆ ಒಂದು ಮಂಚ, ಎರಡು ಟ್ರಂಕು, ಒಂದು ಕೋಳಿಗೂಡು ಹೊತ್ತು, ಮನೆ ಬದಲಾಯಿಸುವ ಸಂಸಾರವೊಂದನ್ನು ಬೆಟ್ಟದ ತುದಿಗೆ ಮುಟ್ಟಿಸಬೇಕಾದ ಮೊಂಡು ಕತ್ತೆ. ಅವಳು ಮಾಡಿದ ವಿಡಿಯೋ ಗೇಮಿನ ಕಥಾನಾಯಕ ಅದೇ. ಜಲಪಾತದ ಬಳಿ ಬಂದ ಆಟಗಾರರೆಲ್ಲ ಬಲಕ್ಕೇ ಹೋಗುತ್ತಾರೆ, ದಾರಿ ಕಾಣುವುದು ಅಲ್ಲಿ. ಎಡಕ್ಕೆ ಬರೀ ಬಂಡೆ. ಆ ಬಂಡೆಗೆ ಕತ್ತೆ ಮೂರು ಸಲ ಹಣೆ ಗುದ್ದಿದರೆ ಹಿಂದೊಂದು ಗವಿ ತೆರೆದುಕೊಳ್ಳುತ್ತದೆ ಎನ್ನುವುದು ಈ ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಒಬ್ಬಳು ಇಲ್ಲೇ ಮೇಜಿನ ಪಕ್ಕ ನಿಂತಿದ್ದಾಳೆ. ಇನ್ನೊಬ್ಬ...

ಕತ್ತೆ ಹಣೆ ಗುದ್ದಿತು. ಒಂದು. ಎರಡು. ಮೂರು.

ಅವನೇ!

ಸುತ್ತ ಮುನ್ನೂರು ಮಳಿಗೆಗಳ ಗೇಮಿಂಗ್ ಎಕ್ಸ್‌ಪೋ ಗಿಜಿಗುಡುತ್ತಿತ್ತು. ಒಂದು ಕಡೆ ಡ್ರ್ಯಾಗನ್ ಘರ್ಜನೆ, ಇನ್ನೊಂದು ಕಡೆ ಗುಂಡಿನ ಸದ್ದು, ನಡುವೆ ಮೈಕಿನಲ್ಲಿ ಯಾರದೋ ಕಳೆದುಹೋದ ಕೊಡೆಯ ಪ್ರಕಟಣೆ. ಅವಳಿಗೆ ಯಾವುದೂ ಕೇಳಿಸಲಿಲ್ಲ. ತನಗೆ ಬೆನ್ನು ಮಾಡಿ, ಹೆಡ್‌ಫೋನ್ ಹಾಕಿಕೊಂಡು ಕುಳಿತ ಆ ಮನುಷ್ಯನ ಕತ್ತನ್ನೇ ನೋಡುತ್ತ ನಿಂತಳು.

ಎರಡು ವರ್ಷ... ಎರಡು ವರ್ಷ ಈ ಕತ್ತು ಹಿಸುಕಬೇಕು ಎಂದುಕೊಂಡಿದ್ದಳು. ಈಗ ಎದುರಿಗೇ ಇದೆ. ಕೈ ಏಳುತ್ತಿಲ್ಲ!

ಅವನು ಹೆಡ್‌ಫೋನ್ ತೆಗೆದು ಎದ್ದು ತಿರುಗಿದ. ಕಣ್ಣಿಗೆ ಕಣ್ಣು ಸಿಕ್ಕಿತು.

"ಚೆನ್ನಾಗಿ ಬಂದಿದೆ," ಎಂದ ಮೆಲ್ಲಗೆ. "ಗವಿ ಒಳಗೆ ಮಿಂಚುಹುಳ ಹಾಕಿದ್ದೀರಿ. ಮೊದಲು ಇರಲಿಲ್ಲ."

ಹಾಕಿದ್ದೀರಿ!

'ದೀರಿ'ಯಂತೆ! ನಾಲ್ಕು ವರ್ಷ ಒಂದೇ ಮೇಜಿನಲ್ಲಿ ಕೂತು, ಒಂದೇ ತಟ್ಟೆಯಲ್ಲಿ ತಿಂದು, 'ಲೇ ಕೋತಿ, ಆ ಚಾರ್ಜರ್ ಕೊಡೇ' ಎನ್ನುತ್ತಿದ್ದವನು ಈಗ ಬಹುವಚನ ಹಚ್ಚುತ್ತಾನೆ!

"ಥ್ಯಾಂಕ್ಸ್," ಎಂದಳು ಚುಟುಕಾಗಿ. "ಅಭಿಪ್ರಾಯದ ಪುಸ್ತಕ ಅಲ್ಲಿದೆ. ಬರೆದು ಹೋಗಿ."

ಅವನ ಮುಖ ಸಣ್ಣದಾಯಿತು. ಏನೋ ಹೇಳಬೇಕೆಂದು ಬಾಯಿ ತೆರೆದ, ಅಷ್ಟರಲ್ಲಿ ಹಿಂದಿನಿಂದ ಕಂಚಿನ ಕಂಠವೊಂದು ಮೊಳಗಿತು.

"ಅಯ್ಯೋ! ನಮ್ಮ ಸೊನ್ನೆ ಅಲ್ವೇನೋ ನೀನು?"

ಅವಳ ಸೋದರತ್ತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ 'ಹಲೋ, ಲೈನ್‌ನಲ್ಲಿರಿ' ಎಂದು ಹೇಳಿ ನಿವೃತ್ತಳಾದ ಹೆಂಗಸು. ಮಳಿಗೆಯ ಕ್ಯೂ ನೋಡಿಕೊಳ್ಳಲು ತಾನಾಗಿ ಬಂದಿದ್ದಳು.

"ಹೇಗಿದ್ದೀರಿ ಅತ್ತೆ?"

"ಇದ್ದೀನಪ್ಪಾ. ಹೋದವನು ಹೋಗಿದ್ದೇ ಹೋಗಿದ್ದು, ಹೇಳದೆ ಕೇಳದೆ! ಏನು ಸೊರಗಿದ್ದೀಯೋ! ಆ ದೊಡ್ಡ ಕಂಪನಿಯವರು ಊಟ ಹಾಕಲ್ವಾ?"

"ಅತ್ತೆ, ಕ್ಯೂ ನಿಂತಿದೆ," ಎಂದು ಅವಳು ಸಿಡುಕಿದಳು.

ಅವನು ಅತ್ತೆಗೆ ಕೈ ಮುಗಿದು, ಅವಳತ್ತ ಇನ್ನೊಮ್ಮೆ ನೋಡಿ, ಜನರ ನಡುವೆ ಕರಗಿಹೋದ. ಅವನ ಕೊರಳಲ್ಲಿ 'ಭಾಷಣಕಾರರು' ಎಂದು ಬರೆದ ಹಳದಿ ಪಟ್ಟಿ ನೇತಾಡುತ್ತಿತ್ತು.

ಓದುಗರೇ, ಸ್ವಲ್ಪ ಹಿಂದಕ್ಕೆ ಹೋಗಿ ಬರೋಣ.

ಅವಳನ್ನು ಎಲ್ಲರೂ ಕರೆಯುವುದು ಚುಕ್ಕಿ ಎಂದು. ಹಳೆಯ ಕಾಲದ ಗೇಮುಗಳಂತೆ ಚುಕ್ಕಿ ಚುಕ್ಕಿ ಇಟ್ಟೇ ಚಿತ್ರ ಬಿಡಿಸುವ ಹುಚ್ಚು ಅವಳಿಗೆ. ಅವನು ಪ್ರೋಗ್ರಾಂ ಬರೆಯುವವನು. ಆ ಜನ ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುತ್ತಾರಂತೆ. ಇವನು ಮಹಡಿ ಮೆಟ್ಟಿಲು ಹತ್ತುವಾಗಲೂ ಹಾಗೇ ಎಣಿಸುವುದನ್ನು ಕೇಳಿಸಿಕೊಂಡು ಅತ್ತೆ ಇಟ್ಟ ಹೆಸರು, ಸೊನ್ನೆ. ಅತ್ತೆಯ ಮನೆಯ ಮಹಡಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕದ ಕೋಣೆಯೇ ಇವರಿಬ್ಬರ ಸ್ಟುಡಿಯೋ.

ಮಾತಿನಲ್ಲಿ ಸೊನ್ನೆ ನಿಜಕ್ಕೂ ಸೊನ್ನೆಯೇ. ನಾಲ್ಕು ಜನರ ಎದುರು ನಾಲಿಗೆ ಹೊರಳುತ್ತಿರಲಿಲ್ಲ. ಹೇಳುವುದನ್ನೆಲ್ಲ ಬಗ್ ಪಟ್ಟಿಯಲ್ಲಿ ಬರೆಯುತ್ತಿದ್ದ. ಬಗ್ ಪಟ್ಟಿ ಎಂದರೆ ಗೇಮಿನಲ್ಲಿ ಕಂಡ ತಪ್ಪುಗಳನ್ನೆಲ್ಲ ನಂಬರು ಹಾಕಿ ಇಬ್ಬರೂ ಬರೆದಿಡುವ ಪಟ್ಟಿ. ಒಂದೊಂದು ತಪ್ಪಿಗೂ ಒಂದು ಸಾಲು, ಸಾಲು ತೆರೆದರೆ ವಿವರ. ಕೆಲಸ ಮುಗಿದಾಗ 'ಸರಿಯಾಯಿತು' ಎಂದು ಮುಚ್ಚುವುದು, ಕೈಲಾಗದಿದ್ದರೆ 'ಸರಿಪಡಿಸುವುದಿಲ್ಲ' ಎಂದು ಮುಚ್ಚುವುದು. ಸೊನ್ನೆ ಅದರಲ್ಲಿ ಏನೇನು ಬರೆಯುತ್ತಿದ್ದ ಗೊತ್ತೇ? 'ಕತ್ತೆಯ ಬಾಲ ಗೋಡೆಯೊಳಗೆ ಹೋಗುತ್ತದೆ.' ಅದರ ಕೆಳಗೇ, 'ಫ್ಯಾನ್ ಸದ್ದು ಮಾಡುತ್ತದೆ.' ಅದರ ಕೆಳಗೆ, 'ಚುಕ್ಕಿ ಬೆಳಗ್ಗೆಯಿಂದ ಮಾತಾಡುತ್ತಿಲ್ಲ. ಕಾರಣ ತಿಳಿದಿಲ್ಲ. ತುರ್ತು: ಹೆಚ್ಚು.'

ಅವಳು ನಕ್ಕು ನಕ್ಕು 'ಸರಿಯಾಯಿತು' ಎಂದು ಮುಚ್ಚುತ್ತಿದ್ದಳು.

ಅವನನ್ನು ಯಾವಾಗಿನಿಂದ ಪ್ರೀತಿಸತೊಡಗಿದಳೋ ಅವಳಿಗೇ ಗೊತ್ತಿಲ್ಲ. ಹೇಳಿರಲಿಲ್ಲ. ಅವನೇ ಮೊದಲು ಹೇಳಲಿ ಎಂಬ ಸಣ್ಣ ಹಟ. ಹೇಳೇ ಹೇಳುತ್ತಾನೆ ಎಂಬ ದೊಡ್ಡ ನಂಬಿಕೆ. ಹಾಗಿರುವಾಗಲೇ ಒಂದು ಬೆಳಗ್ಗೆ ಕೋಣೆಯ ಬಾಗಿಲು ತೆಗೆದರೆ ಅವನ ಕುರ್ಚಿ ಖಾಲಿ! ಮೇಲ್‌ನಲ್ಲಿ ಎರಡು ಸಾಲು. 'ಬೇರೆ ಕಡೆ ಕೆಲಸ ಸಿಕ್ಕಿದೆ. ಕೋಡ್ ಎಲ್ಲಾ ಇಲ್ಲೇ ಇದೆ, ನಿನ್ನದೇ.'

ಮೂರು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ನಾಲ್ಕನೇ ಸಲ ಮಾಡಲು ಅವಳ ಸ್ವಾಭಿಮಾನ ಒಪ್ಪಲಿಲ್ಲ.

ಯಾಕೆ ಹೋದ? ಎರಡು ವರ್ಷದಿಂದ ಅವಳಿಗೆ ಬೇಕಾಗಿದ್ದದ್ದು ಈ ಒಂದು ಪ್ರಶ್ನೆಗೆ ಉತ್ತರ. ಉತ್ತರ ಸಿಕ್ಕರೆ ಸಾಕು, ಅವನು ಬೇಡ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಸುಳ್ಳು, ಬರೀ ಸುಳ್ಳು!

ಎಕ್ಸ್‌ಪೋ ಜೊತೆಗೇ ಗೇಮ್ ತಯಾರಕರ ಸಮ್ಮೇಳನವೂ ನಡೆದಿತ್ತು. ಮಧ್ಯಾಹ್ನ ಮೊದಲ ಮಹಡಿಯ ಸಭಾಂಗಣದಲ್ಲಿ ಅವನ ಭಾಷಣ. ವಿಷಯ, 'ಇಬ್ಬರೇ ಸೇರಿ ಕಟ್ಟುವ ಆಟ'. ಕಾರ್ಯಕ್ರಮದ ಹಾಳೆಯಲ್ಲಿ ಅದನ್ನು ಓದಿ ಚುಕ್ಕಿ ಹಾಳೆಯನ್ನೇ ಮುದುಡಿ ಎಸೆದಳು. ಹೋಗುವ ಮಾತೇ ಇಲ್ಲ!

ಎರಡು ಗಂಟೆಗೆ ಸರಿಯಾಗಿ ಎದ್ದಳು.

"ಅತ್ತೆ, ನೀರು ಹಿಡ್ಕೊಂಡು ಬರ್ತೀನಿ."

"ಹೂಂ, ಹೋಗಿ ಬಾ. ಬಾಟಲಿ ಇಲ್ಲೇ ಬಿಟ್ಟೆಯಲ್ಲೇ? ಬೊಗಸೇಲಿ ಹಿಡ್ಕೊಂಡು ಬರ್ತೀಯಾ?"

ಅವಳು ಕೇಳಿಸದವಳಂತೆ ಹೊರಟುಬಿಟ್ಟಳು.

ಸಭಾಂಗಣದ ಕೊನೆಯ ಸಾಲಿನಲ್ಲಿ, ಒಬ್ಬ ಎತ್ತರದ ಮನುಷ್ಯನ ಹಿಂದೆ ಅಡಗಿ ಕುಳಿತಳು. ಸೊನ್ನೆ ವೇದಿಕೆಯ ಮೇಲೆ ನಿಂತಿದ್ದ. ಎದುರಿಗೆ ಇನ್ನೂರು ಜನ. ಆದರೂ ಮಾತಾಡಿದ!

"ನನ್ನ ಜೊತೆಗಾರ್ತಿ ಕತ್ತೆಯ ಕಿವಿಗೆ ಹನ್ನೊಂದು ಥರದ ಭಾವ ಬಿಡಿಸಿದ್ದರು. ಖುಷಿಯಾದರೆ ಒಂದು ಥರ, ಹಟ ಬಂದರೆ ಒಂದು ಥರ. ನಾನು ಕೋಡ್ ಬರೆಯೋ ಮುಂಚೆ ಕಿವಿ ನೋಡ್ತಿದ್ದೆ. ಕಿವಿ ಏನು ಹೇಳುತ್ತೋ ಹಾಗೆ ಕತ್ತೆ ನಡೀತಿತ್ತು. ನಾನು ಕಲಿತದ್ದೆಲ್ಲ ಅವರಿಂದ."

ಸಭೆ ನಕ್ಕಿತು. ಕೊನೆಯ ಸಾಲಿನಲ್ಲಿ ಒಬ್ಬಳ ಕಣ್ಣು ತುಂಬಿತು. ಅಯ್ಯೋ ಪಾಪಿ... ಇಷ್ಟೆಲ್ಲ ನೆನಪಿಟ್ಟುಕೊಂಡು ಯಾಕೆ ಹೋದೆಯೋ?

ಅವಳ ಮನಸ್ಸಿನ ಪ್ರಶ್ನೆಯನ್ನೇ ಮುಂದಿನ ಸಾಲಿನ ಕನ್ನಡಕದ ಹೆಂಗಸೊಬ್ಬಳು ಕೇಳಿಬಿಟ್ಟಳು. "ಹಾಗಾದರೆ ನಿಮ್ಮ ತಂಡ ಒಡೆದದ್ದು ಯಾಕೆ ಸಾರ್?"

ಸೊನ್ನೆ ಮೈಕನ್ನು ಬಾಯಿಯ ಹತ್ತಿರ ತಂದ.

"ನಾನು ಅವರನ್ನ ಒಂದು ಪ್ರಶ್ನೆ ಕೇಳಿದೆ. ಒಂದೇ ಪದದಲ್ಲಿ ಉತ್ತರ ಬಂತು. ಆಮೇಲೆ ಅಲ್ಲಿರೋದು ಸರಿ ಅನ್ನಿಸಲಿಲ್ಲ. ಅವರದ್ದೇನೂ ತಪ್ಪಿಲ್ಲ."

ಏನು?!

ಚುಕ್ಕಿಗೆ ಕಿವಿಯಲ್ಲಿ ಕಾದ ಸೀಸ ಹೊಯ್ದಂತಾಯಿತು. ಪ್ರಶ್ನೆಯೇ? ಯಾವ ಪ್ರಶ್ನೆ? ಇವನು ನನ್ನನ್ನು ಏನು ಕೇಳಿದ್ದ? ನಡುನೀರಿನಲ್ಲಿ ಕೈಬಿಟ್ಟು ಹೋದದ್ದೂ ಅಲ್ಲದೆ, ಇನ್ನೂರು ಜನರ ಎದುರು ತಾನು ಸಾಚಾ, ನಾನು ನೀಚಳು!

ಚಪ್ಪಾಳೆ ಮುಗಿಯುವ ಮೊದಲೇ ಹೊರಗೆ ಬಂದು ಕಾರಿಡಾರಿನಲ್ಲಿ ಕಾದಳು. ಅವನು ಬಂದ.

"ಒಂದು ನಿಮಿಷ!"

ಅವನು ನಿಂತ. "ನೀವು... ಬಂದಿದ್ರಾ?"

"ಬಂದಿದ್ದೆ. ಕಥೆ ತುಂಬಾ ಚೆನ್ನಾಗಿ ಕಟ್ತೀರಿ. ಏನು ಕೇಳಿದ್ರಿ ನನ್ನನ್ನ? ನಾನು ಏನು ಉತ್ತರ ಕೊಟ್ಟೆ?"

ಅವನ ಮುಖದ ಬಣ್ಣವೇ ಬದಲಾಯಿತು. "ಅದನ್ನ ಮತ್ತೆ ನನ್ನ ಬಾಯಲ್ಲಿ ಹೇಳಿಸಬೇಕಾ?"

"ಹೇಳಿಸಬೇಕು!"

"ನೀವೇ ಬರೆದದ್ದು ಅದು. ನೀವೇ ಮರೆತಿದ್ದರೆ... ಸರಿ, ಅಷ್ಟು ಸಣ್ಣ ವಿಷಯ ಅದು ನಿಮಗೆ ಅಂತ ಆಯ್ತು." ಅವನ ದನಿ ಒಡೆಯಿತು. "ನಾಳೆ ಸಂಜೆ ನಾನು ಹೊರಡ್ತೀನಿ. ಅಲ್ಲಿವರೆಗೆ ನಿಮ್ಮ ಕಣ್ಣಿಗೆ ಬೀಳಲ್ಲ."

"ನಾನೇನೂ ಬರೆದಿಲ್ಲ ಕಣೋ!"

ಆದರೆ ಅಷ್ಟರಲ್ಲಿ ಭಾಷಣ ಕೇಳಿದವರ ಹಿಂಡು ಅವನನ್ನು ಸುತ್ತಿಕೊಂಡಿತು, ಸೆಲ್ಫಿ, ವಿಸಿಟಿಂಗ್ ಕಾರ್ಡು, ಗದ್ದಲ. ಆ ಗದ್ದಲದಲ್ಲಿ ಅವಳ ಮಾತು ಅವನನ್ನು ಮುಟ್ಟಲೇ ಇಲ್ಲ.

ಮಳಿಗೆಗೆ ಬಂದವಳ ಮುಖ ನೋಡಿ ಅತ್ತೆ ಕುರ್ಚಿ ಎಳೆದು ಕೂರಿಸಿದಳು.

"ಏನಂದ?"

"ಏನೂ ಇಲ್ಲ."

"ನೀರು ಸಿಕ್ತಾ?"

"ಅತ್ತೆ!"

"ಆಯ್ತಮ್ಮ, ಕೇಳಲ್ಲ. ಅವನು ಬಾಯಿ ಬಿಡಲ್ಲ, ನೀನು ಹಟ ಬಿಡಲ್ಲ. ಅಳದೇ ಇದ್ರೆ ಹೆತ್ತ ತಾಯೀನೂ ಹಾಲು ಕೊಡಲ್ಲ ಕಣೇ. ನೀವಿಬ್ಬರೂ ಕಂಪ್ಯೂಟರ್ ಮುಂದೆ ಕೂತು ಕೂತು ಬಾಯಿ ಇರೋದನ್ನೇ ಮರೆತಿದ್ದೀರಿ."

ಅತ್ತೆಗೆ ಹೇಗೆ ಹೇಳುವುದು? ಅವನು ಹೋದ ಮೇಲೆ ಆಟ ಮುಗಿಸಲು ಅವಳು ಪ್ರೋಗ್ರಾಂ ಬರೆಯುವುದನ್ನು ಕಲಿತಳು. ಬೇರೆ ಯಾರನ್ನೂ ಆ ಕುರ್ಚಿಯಲ್ಲಿ ಕೂರಿಸಲು ಮನಸ್ಸಾಗಲಿಲ್ಲ. ಅವನು ಬಿಟ್ಟುಹೋದ ಕೋಡನ್ನೇ ಸಾಲು ಸಾಲಾಗಿ ಓದಿದಳು. ಅದರ ನಡುನಡುವೆ ಅವನು ಅವಳಿಗೆಂದೇ ಟಿಪ್ಪಣಿ ಬರೆದಿಟ್ಟಿದ್ದ. 'ಚುಕ್ಕಿ, ಇದನ್ನು ಮುಟ್ಟಬೇಡ, ಕತ್ತೆ ಬೀಳುತ್ತೆ.' 'ಚುಕ್ಕಿ, ಇಲ್ಲಿ ನಿನ್ನ ಮೋಡ ಬರುತ್ತೆ, ನಿಧಾನಕ್ಕೆ ಬರಲಿ ಅಂತ ಹೀಗೆ ಬರೆದೆ.' ಅವನು ಖಾಲಿ ಮಾಡಿಹೋದ ಮನೆಯಲ್ಲಿ ಇದ್ದ ಹಾಗೆ ಎರಡು ವರ್ಷ ಅವಳು ಆ ಕೋಡಿನಲ್ಲೇ ವಾಸವಿದ್ದಳು. ಹೊಸ ಟಿಪ್ಪಣಿ ಸಿಕ್ಕ ದಿನ ಅವಳಿಗೆ ಕಾಗದ ಬಂದಷ್ಟು ಸಂತೋಷ. ಕೊನೆಯದನ್ನು ಓದಿ ಮುಗಿಸಿದ ದಿನ, ಇನ್ನು ಓದಲು ಏನೂ ಉಳಿದಿಲ್ಲವಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತಿದ್ದಳು.

ಸಿಟ್ಟಿತ್ತು, ನಿಜ. ಆದರೆ ಸಿಟ್ಟಿನ ಕೆಳಗೆ ಇದ್ದದ್ದು ಬರೀ ಅವನೇ.

ಎರಡನೇ ದಿನ, ಕೊನೆಯ ದಿನ. ಮಧ್ಯಾಹ್ನ ಮೂರಕ್ಕೆ ಹೊಸ ಗೇಮುಗಳನ್ನು ಆಯ್ಕೆ ಮಾಡುವ ಸಮಿತಿ ಮಳಿಗೆಗೆ ಬರುವುದಿತ್ತು.

ಒಂದೂವರೆಗೆ ಕತ್ತೆ ಕಲ್ಲಾಯಿತು!

ಇಬ್ಬರು ಅಕ್ಕತಂಗಿಯರು ಆಡುತ್ತಿದ್ದರು. ಅವರಿಗೆ ಬೆಟ್ಟ ಹತ್ತುವುದಕ್ಕಿಂತ ಕತ್ತೆಗೆ ಹೊಳೆಯಲ್ಲಿ ಸ್ನಾನ ಮಾಡಿಸುವುದೇ ಖುಷಿ. ಮೂರನೇ ಸಲ ನೀರಿಗಿಳಿಸಿದ್ದೇ ತಡ, ಕತ್ತೆ, ಕೋಳಿಗೂಡು, ಹೊಳೆ, ಮೋಡ ಎಲ್ಲ ಇದ್ದಲ್ಲೇ ನಿಂತವು. ಚುಕ್ಕಿ ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದಳು. ಸುದ್ದಿ ಹಬ್ಬಿ, ಕ್ಯೂನಲ್ಲಿದ್ದವರೆಲ್ಲ 'ನಾನೂ ಕಲ್ಲು ಮಾಡ್ತೀನಿ' ಎಂದು ಕತ್ತೆಯನ್ನು ನೀರಿಗೇ ಅಟ್ಟತೊಡಗಿದರು. ಜನಕ್ಕೆ ಅದೇ ಒಂದು ಆಟವಾಗಿಬಿಟ್ಟಿತು!

ಮಳಿಗೆಯ ಬಟ್ಟೆ ಪರದೆಯ ಹಿಂದಿನ ಇಕ್ಕಟ್ಟಿನಲ್ಲಿ ಲ್ಯಾಪ್‌ಟಾಪ್ ತೆಗೆದು ಚುಕ್ಕಿ ಹುಡುಕಿದಳು. ಹತ್ತು ನಿಮಿಷ. ಇಪ್ಪತ್ತು ನಿಮಿಷ. ತಪ್ಪು ಎಲ್ಲಿದೆಯೋ ತಲೆಬುಡ ತಿಳಿಯಲಿಲ್ಲ. ಹಣೆಯ ಮೇಲೆ ಬೆವರು.

"ಅತ್ತೆ, ಏನ್ ಮಾಡ್ಲಿ? ಅತ್ತೆ?"

ಅತ್ತೆ ಅಲ್ಲಿರಲಿಲ್ಲ.

ಐದು ನಿಮಿಷಕ್ಕೆ ಬಂದಳು, ಒಬ್ಬಳೇ ಅಲ್ಲ. ಸೊನ್ನೆಯ ಅಂಗಿಯ ತೋಳು ಹಿಡಿದು ಎಳೆದುಕೊಂಡೇ ಬಂದಳು!

"ತಗೋ, ಕರ್ಕೊಂಡು ಬಂದಿದ್ದೀನಿ. ಏನಪ್ಪಾ, ನಿನ್ನ ಕತ್ತೆ ನೀನೇ ನೋಡ್ಕೋ. ಜಗಳ ಆಮೇಲೆ ಆಡಿ. ಮೂರು ಗಂಟೆಗೆ ದೊಡ್ಡ ಮನುಷ್ಯರು ಬರ್ತಾರೆ." ಇಷ್ಟು ಹೇಳಿ ಕ್ಯೂನತ್ತ ತಿರುಗಿದಳು. "ಲೈನ್‌ನಲ್ಲಿರಿ! ಎಲ್ಲರೂ ಲೈನ್‌ನಲ್ಲಿರಿ!"

ಪರದೆಯ ಹಿಂದೆ ಇದ್ದದ್ದು ಎರಡು ರಟ್ಟಿನ ಪೆಟ್ಟಿಗೆ. ಇಬ್ಬರೂ ಅದರ ಮೇಲೆ ಕುಳಿತರು. ಅವನ ಮೊಣಕೈ ಅವಳ ಮೊಣಕೈಗೆ ತಾಗಿತು. ಇಬ್ಬರೂ ಸರಕ್ಕನೆ ಹಿಂದಕ್ಕೆ ಎಳೆದುಕೊಂಡರು.

"ಮೂರನೇ ಸಲ ನೀರಿಗಿಳಿದಾಗ ತಾನೆ?" ಎಂದ ಅವನು, ಲ್ಯಾಪ್‌ಟಾಪ್ ನೋಡುತ್ತಲೇ. "ಇದು ಹಳೇ ಬಗ್. ನಾನೇ ಕಂಡುಹಿಡಿದು ಪಟ್ಟೀಲಿ ಬರೆದಿದ್ದೆ, ಹೇಗೆ ಸರಿಮಾಡ್ಬೇಕು ಅಂತಾನೂ. ಮೂರು ಸಲ ಯಾರು ನೀರಿಗಿಳಿಸ್ತಾರೆ ಅಂತ ತುರ್ತು ಕಡಿಮೆ ಹಾಕಿದ್ದೆ. ತೆಗೆದು ನೋಡಿ."

ಅವಳು ಪಟ್ಟಿ ತೆರೆದು 'ಹೊಳೆ' ಎಂದು ಹುಡುಕಿದಳು. "ಇಲ್ವಲ್ಲ."

"ಮುಚ್ಚಿದವುಗಳಲ್ಲಿ ನೋಡಿ."

ಮುಚ್ಚಿದ ಸಾಲುಗಳು ಒಂದರ ಕೆಳಗೊಂದು ಬಂದವು. ೨೦೯, ಕತ್ತೆಯ ನೆರಳು ಎರಡು ಬೀಳುತ್ತದೆ. ೨೧೦, ಕೋಳಿ ಕೂಗುವುದಿಲ್ಲ. ೨೧೧, ಮೂರನೇ ಬಾರಿ ಹೊಳೆಗಿಳಿದರೆ ಆಟ ನಿಲ್ಲುತ್ತದೆ.

"ಸಿಕ್ತು!" ಎಂದಳು.

"ಸರಿ, ಅದನ್ನ ತೆಗೀರಿ. ಕೆಳಗೆ ಹೋಗಬೇಡಿ." ಅವನ ದನಿಯಲ್ಲಿ ಇದ್ದಕ್ಕಿದ್ದಂತೆ ಗಾಬರಿ. "ಕೆಳಗೆ ಬೇಡ ಅಂದ್ನಲ್ಲ..."

ಬೇಡ ಎಂದ ಮೇಲೆ ಬಿಡುವ ಜೀವವೇ ಅವಳದು? ೨೧೨ರ ಮೇಲೆ ಒತ್ತಿದಳು.

*ಬರೆದವರು: ಸೊನ್ನೆ. ಯಾರಿಗೆ: ಚುಕ್ಕಿ. ತುರ್ತು: ಕಡಿಮೆ.*

*ತೊಂದರೆ ಏನು: ಚುಕ್ಕಿ ನಕ್ಕರೆ ನನ್ನ ಕೈ ನಿಂತುಹೋಗುತ್ತದೆ. ಬರೆಯುತ್ತಿದ್ದ ಸಾಲು ಮರೆತುಹೋಗುತ್ತದೆ.*

*ಎಷ್ಟು ಸಲ ಆಗುತ್ತದೆ: ಪ್ರತಿ ಸಲ.*

*ಏನಾಗಬೇಕಿತ್ತು: ನಾನು ಬಾಯಿಬಿಟ್ಟು ಹೇಳಬೇಕಿತ್ತು. ಆಗುತ್ತಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಚುಕ್ಕಿ, ನನ್ನನ್ನು ಮದುವೆಯಾಗುತ್ತೀಯಾ?*

*ಸ್ಥಿತಿ: ಸರಿಪಡಿಸುವುದಿಲ್ಲ. ಮುಚ್ಚಿದವರು: ಚುಕ್ಕಿ.*

ಅವಳ ಕೈ ಬಾಯಿಗೆ ಹೋಯಿತು.

ಹೊರಗೆ ಅತ್ತೆ ಯಾರನ್ನೋ ಗದರುತ್ತಿದ್ದಳು.

"ಇದು... ಇದನ್ನ ನಾನು..." ಚುಕ್ಕಿ ಅವನತ್ತ ತಿರುಗಿದಳು. "ಇದನ್ನ ನಾನು ಓದೇ ಇಲ್ಲ!"

"ಮುಚ್ಚಿದವರು ನೀವು ಅಂತ ಇದೆ."

"ಓದದೆ ಮುಚ್ಚಿದೆ! ನೋಡು, ನೋಡಿಲ್ಲಿ!" ಪಟ್ಟಿಯನ್ನು ಸರಸರನೆ ಸರಿಸಿದಳು. ನೂರ ನಲವತ್ತಮೂರು ಸಾಲು. ಎಲ್ಲದರ ಕೊನೆಗೂ ಅದೇ 'ಸರಿಪಡಿಸುವುದಿಲ್ಲ'. ಎಲ್ಲದಕ್ಕೂ ಒಂದೇ ದಿನ, ಒಂದೇ ಗಂಟೆ, ಒಂದೇ ನಿಮಿಷ! "ಸ್ಪರ್ಧೆಗೆ ಆಟ ಕಳಿಸೋಕೆ ಅದೇ ಕೊನೇ ದಿನ ಇತ್ತಲ್ಲ, ನೆನಪಿದ್ಯಾ? ತುರ್ತು ಇಲ್ಲದ್ದೆಲ್ಲ ಆರಿಸಿ ಒಟ್ಟಿಗೆ ಮುಚ್ಚಿಬಿಟ್ಟೆ. ಒಂದೇ ಗುಂಡಿ ಒತ್ತಿದ್ದು ನಾನು. ಒಂದೇ ಗುಂಡಿ ಕಣೋ!"

ಸೊನ್ನೆ ಆ ಸಾಲುಗಳನ್ನೇ ನೋಡಿದ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ.

ಅವನು ಇದನ್ನು ಯಾವತ್ತೂ ನೋಡಿರಲಿಲ್ಲ. ಪಟ್ಟಿಯಿಂದ ಬರುವ ಮೇಲ್‌ಗಳ ಕಾಟ ತಾಳದೆ ಎಲ್ಲವನ್ನೂ ನಿಲ್ಲಿಸಿ, ಆ ಒಂದೇ ಸಾಲಿಗೆ ಮಾತ್ರ ಉತ್ತರ ಬಂದ ಕೂಡಲೇ ತಿಳಿಸು ಎಂದು ಗುರುತು ಹಾಕಿದ್ದ. ಅವನಿಗೆ ಬಂದದ್ದು ಒಂದೇ ಮೇಲ್, ಅದರಲ್ಲಿ ಇದ್ದದ್ದು ಒಂದೇ ಪದ. ಅದನ್ನು ಓದಿದ ಮೇಲೆ ಪಟ್ಟಿ ತೆರೆಯುವ ಧೈರ್ಯ ಯಾರಿಗೆ ಬಂದೀತು?

"ಮಾರನೇ ದಿನ ನೀನು ನಗ್ತಾ ಬಂದೆ," ಎಂದ, ಕನಸಿನಲ್ಲಿ ಮಾತಾಡುವವನ ಹಾಗೆ. "'ಬೇಡದ್ದನ್ನೆಲ್ಲ ತೆಗೆದುಹಾಕಿಬಿಟ್ಟೆ, ಎಷ್ಟು ನಿರಾಳ!' ಅಂದೆ. ನನ್ನ ಮುಖ ನೋಡಿಕೊಂಡೇ ಅಂದೆ."

"ಅಯ್ಯೋ ದೇವರೇ..."

"ಒಂದು ವಾರ ತಡ್ಕೊಂಡೆ. ನೀನು ಎಂದಿನ ಹಾಗೇ ಇದ್ದೆ, ಏನೂ ಆಗಿಲ್ಲ ಅನ್ನೋ ಥರ. ನನಗೆ ಆಗಲಿಲ್ಲ ಚುಕ್ಕಿ. ಫೋನ್ ಬಂದಾಗ, ನೀನು ಸಮಾಧಾನ ಹೇಳೋಕೆ ಮಾಡ್ತಿದ್ದೀಯ ಅನ್ಕೊಂಡೆ. ಸಮಾಧಾನ ಕೇಳೋ ಶಕ್ತಿ ಇರಲಿಲ್ಲ."

ಚುಕ್ಕಿಗೆ ಅಳು ಒತ್ತರಿಸಿಕೊಂಡು ಬಂತು. ಅಳುತ್ತಲೇ ಅವನ ತೋಳಿಗೆ ಒಂದು ಗುದ್ದಿದಳು. ಇನ್ನೊಂದು ಗುದ್ದಿದಳು.

"ಅಲ್ವೋ, ಫ್ಯಾನ್ ಸದ್ದು ಮಾಡಿದ್ರೆ 'ತುರ್ತು: ಮಧ್ಯಮ' ಅಂತ ಬರೀತಿದ್ದವನು ನೀನು! ಇದಕ್ಕೆ 'ಕಡಿಮೆ' ಅಂತ ಹಾಕೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತೋ? ಇದು ಕಡಿಮೇನಾ? ಇದು ಕಡಿಮೇನಾ ಹೇಳು!"

"ನಿನಗೆ ಅವಸರ ಮಾಡಿದ ಹಾಗೆ ಆಗಬಾರದು ಅಂತ..." ಅವನು ತಡವರಿಸಿದ. "ನಾಚಿಕೆ ಆಯ್ತು."

"ನಿನ್ನ ನಾಚಿಕೆಗೆ ಬೆಂಕಿ ಹಾಕ!"

"ಒಳಗೇನು ಕತ್ತೆ ಎದ್ದಿತಾ, ಇಲ್ಲಾ ಇಬ್ಬರೂ ಕಲ್ಲಾದ್ರಾ?" ಅತ್ತೆಯ ದನಿ ಪರದೆ ತೂರಿ ಬಂತು. "ಎರಡೂವರೆ ಆಯ್ತು!"

ಸೊನ್ನೆ ಬೆಚ್ಚಿಬಿದ್ದು ೨೧೧ ತೆರೆದ. ಎರಡು ಸಲ ತಪ್ಪು ಅಕ್ಷರ ಒತ್ತಿದ. ಚುಕ್ಕಿ ಕಣ್ಣೊರೆಸಿಕೊಂಡು, ಅವನು ಹೇಳುತ್ತ ಹೋದ ಸಾಲನ್ನು ತಾನೇ ಬರೆದಳು. ಅವಳು ಕೋಡ್ ಬರೆಯುವುದನ್ನು ಅವನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ.

"ನೀನು ಇದನ್ನೆಲ್ಲ ಎಲ್ಲಿ ಕಲಿತೆ?"

"ನಿನ್ನ ಹತ್ತಿರಾನೇ."

"ನಾನು ಇರಲೇ ಇಲ್ವಲ್ಲ!"

"ನೀನು ಬರೆದಿಟ್ಟಿದ್ದು ಇತ್ತಲ್ಲ. ಒಂದೊಂದು ಟಿಪ್ಪಣೀನೂ ಓದಿದ್ದೀನಿ. ಕೆಲವು ಬಾಯಿಪಾಠ ಬರುತ್ತೆ." ಅವಳ ದನಿ ಗದ್ಗದವಾಯಿತು. "ಬೇರೆ ಏನಿತ್ತು ನನ್ನ ಹತ್ತಿರ ನಿಂದು?"

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ, ಒರೆಸಿದ, ಒರೆಸುತ್ತಲೇ ಇದ್ದ.

ಹೊರಗೆ ಅಕ್ಕತಂಗಿಯರು ಕತ್ತೆಯನ್ನು ಮೂರನೇ ಸಲ ಹೊಳೆಗಿಳಿಸಿದರು. ಕತ್ತೆ ಮೈ ಕೊಡವಿ ದಡ ಹತ್ತಿತು. ಕ್ಯೂ ಪೂರ್ತಿ ಚಪ್ಪಾಳೆ ತಟ್ಟಿತು. ಮೂರಕ್ಕೆ ಸಮಿತಿ ಬಂತು, ಆಡಿತು, ನಕ್ಕಿತು, ಏನೇನೋ ಬರೆದುಕೊಂಡು ಹೋಯಿತು. ಅವರಿಗೆಲ್ಲ ಉತ್ತರ ಕೊಟ್ಟವಳು ಅತ್ತೆಯೇ. ಏನು ಹೇಳಿದಳೋ ಆ ದೇವರಿಗೇ ಗೊತ್ತು, ಹೋಗುವಾಗ ಅವರಲ್ಲೊಬ್ಬರು ಅವಳಿಗೆ ನಮಸ್ಕಾರ ಮಾಡಿ ಹೋದರು.

ಪರದೆಯ ಹಿಂದೆ ಇಬ್ಬರೂ ಇನ್ನೂ ಆ ರಟ್ಟಿನ ಪೆಟ್ಟಿಗೆಗಳ ಮೇಲೇ ಇದ್ದರು.

"ಈಗ ಯಾರಾದ್ರೂ ಇದ್ದಾರಾ?" ಚುಕ್ಕಿ ನೆಲ ನೋಡುತ್ತ ಕೇಳಿದಳು. "ನಿನ್ನ ಜೀವನದಲ್ಲಿ?"

"ಇಲ್ಲ."

"ಯಾರೂ?"

"ಯಾರೂ ಇಲ್ಲ. ಆಗಲಿಲ್ಲ." ಅವನು ತಡೆದು ಹೇಳಿದ. "ಆದ್ರೆ ಚುಕ್ಕಿ... ಎರಡು ವರ್ಷ ಆಯ್ತು. ತಪ್ಪು ಮಾಡಿದೆ ಅನ್ನೋ ಬೇಜಾರಿಗೆ ನೀನು ಏನೂ ಒಪ್ಪಿಕೊಳ್ಳೋದು ಬೇಡ. ನಂಗೆ ಗೊತ್ತಾಯ್ತಲ್ಲ, ನೀನು ಬೇಡ ಅಂದಿರಲಿಲ್ಲ ಅಂತ. ಅಷ್ಟೇ ಸಾಕು."

ಅವಳು ಫಟ್ಟನೆ ಲ್ಯಾಪ್‌ಟಾಪ್ ಮುಚ್ಚಿದಳು.

"ನಿನಗೆ ಸಾಕಾಗಬಹುದು. ನನಗೆ ಸಾಲದು! ನಾನು ಯಾವ ಬೇಜಾರಿಗೂ ಒಪ್ಪಿಕೊಳ್ಳೋಳಲ್ಲ, ಬೇಜಾರಾಗಿದ್ರೆ ಸಾರಿ ಅಂದು ಕೈ ತೊಳ್ಕೊಳ್ತಿದ್ದೆ. ಆರು ವರ್ಷ ಕಣೋ. ಮೊದಲ ನಾಲ್ಕು ವರ್ಷ ನೀನು ಹೇಳ್ತೀಯ ಅಂತ ಕಾದೆ. ಆಮೇಲೆ ಎರಡು ವರ್ಷ ನೀನು ಬರ್ತೀಯ ಅಂತ ಕಾದೆ. ಇನ್ನು ಕಾಯಕ್ಕೆ ನನ್ನ ಕೈಲಿ ಆಗಲ್ಲ." ಕಣ್ಣೀರು ತಡೆಯಲು ಹೋಗಲಿಲ್ಲ, ಹರಿಯಲು ಬಿಟ್ಟಳು. "ಕೇಳು. ಈಗ ಕೇಳು."

"ಬರೆದು..."

"ಬರೆದರೆ ಹೊಡೀತೀನಿ! ಬಾಯಿಬಿಟ್ಟು ಕೇಳು."

"ಇಲ್ಲೇ? ಇಷ್ಟು ಜನರ ಮಧ್ಯೆ?"

"ಇಲ್ಲೇ."

ಅವನ ಕಿವಿಗಳು ಕೆಂಪಾದವು. ಬಾಯಿ ತೆರೆದ, ಮುಚ್ಚಿದ. ನಿನ್ನೆ ಇನ್ನೂರು ಜನರ ಮುಂದೆ ಮಾತಾಡಿದವನು ಇಂದು ಒಬ್ಬಳ ಮುಂದೆ ಪದಕ್ಕೆ ತಡಕಾಡಿದ. ಎಲ್ಲಿ ಮತ್ತೆ ಎದ್ದು ಹೋಗಿಬಿಡುತ್ತಾನೋ ಎಂದು ಚುಕ್ಕಿಯ ಜೀವ ಬಾಯಿಗೆ ಬಂತು.

ಅವನು ಹೋಗಲಿಲ್ಲ. ಅವಳ ಬೆರಳುಗಳನ್ನು ಹಿಡಿದುಕೊಂಡ.

"ಚುಕ್ಕಿ..." ಎಂದ. ಉಸಿರು ಎಳೆದುಕೊಂಡ. "ನನ್ನನ್ನ ಮದುವೆ ಆಗ್ತೀಯಾ?"

ಸ್ವಲ್ಪ ಸತಾಯಿಸಬೇಕು ಎಂದುಕೊಂಡಿದ್ದಳು. 'ಯೋಚಿಸಿ ಹೇಳ್ತೀನಿ' ಎಂದು ಬಿಗುಮಾನ ತೋರಿಸಬೇಕು, ಎರಡು ವರ್ಷಕ್ಕೆ ಎರಡು ನಿಮಿಷವಾದರೂ ಇವನು ಒದ್ದಾಡಬೇಕು ಎಂದೆಲ್ಲ. ಒಂದೂ ನಡೆಯಲಿಲ್ಲ.

"ಹೂಂ," ಎಂದಳು.

"ಏನು?"

"ಹೂಂ ಅಂದೆ."

"ಡ್ರ್ಯಾಗನ್ ಸದ್ದಲ್ಲಿ ಸರಿಯಾಗಿ ಕೇಳಿಸಲಿಲ್ಲ..."

"ಹೂಂ! ಹೂಂ! ಹೂಂ! ಆಗ್ತೀನಿ! ಸಾಕಾ?"

ಅವನು ನಕ್ಕ. ಅಳುತ್ತ ನಕ್ಕ. ಅವಳ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಅವಳು ಅವನ ಭುಜಕ್ಕೆ ತಲೆ ಆನಿಸಿದಳು. ಎದೆಯೊಳಗೆ ಎರಡು ವರ್ಷದಿಂದ ಬಿಗಿದಿದ್ದ ಗಂಟು ಮೆಲ್ಲಗೆ ಸಡಿಲವಾಯಿತು.

"ಒಂದು ಮಾತು ಕೇಳಿದ್ರೆ ಮುಗೀತಿತ್ತಲ್ಲೋ," ಎಂದಳು ಅವನ ಭುಜದಲ್ಲೇ. "ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ."

"ಭಯ ಕಣೇ."

"ಈಗ?"

"ಈಗಲೂ ಭಯಾನೇ." ಅವನು ಅವಳ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದ. "ಆದ್ರೆ ಈಗ ಭಯ ಆದ್ರೆ ನಿನಗೇ ಹೇಳ್ತೀನಿ."